ಅಜ್ಜನ ನೋಟುಬುಕ್ಕು, ಮೋಡಿ ಲಿಪಿಯ ಕಾಗದ

ಪುಣೆಯಲ್ಲಿ ಜಮೀನಿನ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸುವ ಕೆಲಸದಲ್ಲಿರುವ ಕನ್ನಡ ಬಂಧುಗಳಿಗೆ ಒಂದು ಸಲಹೆ: ಊರಿನ ಮನೆಯ ಟ್ರಂಕಿನಲ್ಲಿ ಅಜ್ಜನ ಕೈಬರಹವಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಧಾರವಾಡದ ಕಡೆ ಕುಲಕರ್ಣಿಕೆ (ಊರಿನ ಲೆಕ್ಕಪತ್ರ ಬರೆಯುವ ಕೆಲಸ) ಮಾಡುತ್ತಿದ್ದ ನನ್ನ ಅಜ್ಜನವರು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಅಕ್ಷರಗಳ ಎದುರು ಕನ್ನಡ ಅಕ್ಷರಗಳನ್ನು ಬರೆದಿಟ್ಟಿದ್ದ ನೋಟುಬುಕ್ಕಿನಿಂದಲೇ, ಕಳೆದ ತಿಂಗಳು ಕಚೇರಿಗೆ ಬಂದ ಖರೀದಿಪತ್ರವೊಂದರ ಚೆಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿಯ ವಿವರವನ್ನು, ಓದಲು ನನಗೆ ಸಾಧ್ಯವಾಯಿತು. ಮೋಡಿಯಲ್ಲಿ ಮೊದಲು ಸಾಲಿನುದ್ದಕ್ಕೂ ತಲೆಗೆರೆ ಎಳೆದು, ಅಕ್ಷರಗಳನ್ನು ಅದಕ್ಕೆ ತೂಗುಹಾಕಿದಂತೆ ಬರೆಯುತ್ತಿದ್ದುದರಿಂದ ಪದಗಳ ನಡುವೆ ತೆರಪೇ ಇರುವುದಿಲ್ಲ. ಆದಕಾರಣ ಪರಿಚಿತ ಊರಿನ ಹೆಸರು ಮತ್ತು ಅಂಕಿಗಳನ್ನು ಮೊದಲು ಗುರುತಿಸಿಕೊಂಡು ಅಲ್ಲಿಂದ ಮುಂದುವರಿಯಿರಿ. ವರ್ಷವನ್ನು ಶಾಲಿವಾಹನ ಶಕೆಯಲ್ಲಿ ಬರೆದಿದ್ದರೆ ಕ್ರಿ.ಶ. ಇಸವಿ ತಿಳಿಯಲು 78 ಕೂಡಿಸಿ, ವರ್ಷದ ಕೊನೆಯ ತಿಂಗಳುಗಳಾದರೆ 79. ಮಾಘ, ಫಾಲ್ಗುಣಗಳಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹೀಗೆ ಓದಿದ್ದು ನಿಮ್ಮ ತಿಳಿವಳಿಕೆಗೆ ಮಾತ್ರ. ನ್ಯಾಯಾಲಯಕ್ಕೆ ಸಲ್ಲಿಸುವ ಪ್ರತಿಯನ್ನು ಮೋಡಿ ಬಲ್ಲ ಅಧಿಕೃತ ಲಿಪ್ಯಂತರಕಾರರಿಂದಲೇ ಮಾಡಿಸಿರಿ. ನೋಟುಬುಕ್ಕಿನ ಹಾಳೆಗಳ ಫೋಟೊಗಳನ್ನು ಇಂದೇ ತೆಗೆದಿಟ್ಟುಕೊಳ್ಳಿ, ನಮ್ಮದರ ಅಂಚು ಈಗಾಗಲೇ ಪುಡಿಯಾಗುತ್ತಿದೆ.