ರೈ ವಿಸ್ಕಿಯಲ್ಲಿ ಕಟ್ಟಿಗೆ ಎಷ್ಟು ಮಾತಾಡಬೇಕು?

ಕಲಬುರಗಿಯ ಆಳಂದ ರಸ್ತೆಯಲ್ಲಿ ನನ್ನದೊಂದು ಬಡಗಿ ಕೆಲಸದ ಶೆಡ್ ಇದೆ. ಬಾಗಿಲು, ಮಂಚ, ದೇವರ ಮಂಟಪ ಮಾಡುತ್ತೇನೆ. ಮೂರು ವರ್ಷದ ಹಿಂದೆ ಅಕ್ಕನ ಮಗ ಅಮೆರಿಕದಿಂದ ಬಂದಾಗ ಒಂದು ಬಾಟಲಿ ಕೈಗಿಟ್ಟ. ಮೇಲೆ 'ವುಡ್ ಫಿನಿಶ್ಡ್ ರೈ' ಅಂತಿತ್ತು. "ಯಾವ ಕಟಗಿನೋ ತಮ್ಮಾ?" ಅಂದೆ. "ಅದು ಗೊತ್ತಿಲ್ಲ ಮಾಮಾ. ಮೂವತ್ತು ಡಾಲರಿಂದು, ಭಾಳ ತುಟ್ಟಿ ಅಲ್ಲ" ಅಂದ. ಆಮೇಲೆ ಅಂಥವೇ ಇನ್ನೂ ಮೂರು ಬಂದವು. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ 2 ಲೀಟರ್ ತರಬಹುದಲ್ವಾ, ನಿಮ್ಮ ಮನೆಗೂ ಒಂದು ಬಂದೀತು. ಬಂದರೆ ಹೀಗೆ ನೋಡಿ.

ಮೊದಲು ಲೇಬಲ್. ರೈ ಅಂದರೆ ಚಳಿ ದೇಶದ ಧಾನ್ಯ, ಗೋಧಿಯ ಬಳಗದ್ದು. ನಮ್ಮೂರ ಉರ್ದುವಿನ ರಾಯಿ ಸಾಸಿವೆ, ಅದೇ ಬೇರೆ. ಅಮೆರಿಕದ ಕಾನೂನಿನಂತೆ ರೈ ವಿಸ್ಕಿಯ ಧಾನ್ಯದಲ್ಲಿ ಕನಿಷ್ಠ 51% ರೈ ಇರಬೇಕು. ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿ ಇಡಬೇಕು. 'ಸ್ಟ್ರೇಟ್' ಅಂತಿದ್ದರೆ ಕನಿಷ್ಠ 2 ವರ್ಷ ಇಟ್ಟದ್ದು. 'ಪ್ರೂಫ್' ಅಂತಿದ್ದರೆ ಅರ್ಧ ಮಾಡಿ: 90 ಪ್ರೂಫ್ ಅಂದರೆ 45% ಆಲ್ಕೋಹಾಲ್. 'ಡಿಸ್ಟಿಲ್ಡ್ ಇನ್ ಇಂಡಿಯಾನಾ' ಅಂತ ಕಂಡರೆ, ಬ್ರ್ಯಾಂಡಿನವರು ತಾವೇ ಮಾಡಿದ್ದಲ್ಲ ಅಂತ ಬೇಜಾರಾಗಬೇಡಿ. ಇಂಡಿಯಾನಾ ಅಮೆರಿಕದ ಒಂದು ರಾಜ್ಯ. ಅಲ್ಲಿನ ಲಾರೆನ್ಸ್‌ಬರ್ಗ್ ಊರಿನ ಒಂದೇ ದೊಡ್ಡ ಡಿಸ್ಟಿಲರಿ 95% ರೈ, 5% ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿದ ವಿಸ್ಕಿ ಮಾಡಿ ಎಷ್ಟೋ ಬ್ರ್ಯಾಂಡುಗಳಿಗೆ ಕೊಡುತ್ತದೆ. ಮಾಲು ಚೊಲೋದೇ. ಆಮೇಲೆ ಅದನ್ನು ಇನ್ನೊಂದು ಪೀಪಾಯಿಗೆ ಹಾಕಿಯೋ, ಬೇರೆ ಮರದ ಪಟ್ಟಿ ಮುಳುಗಿಸಿಯೋ ಕೆಲವು ವಾರ, ಕೆಲವು ತಿಂಗಳು ಇಡುತ್ತಾರೆ. ಅದೇ ಫಿನಿಶ್. ಬೆಲೆಗೆ ತಕ್ಕ ಮಾಲೋ ಅಲ್ವೋ ಅನ್ನುವುದು ಬಹಳ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಪೀಪಾಯಿಗೆ ಬಿಳಿ ಓಕ್ ಯಾಕೆ ಅಂತ ನನಗೆ ಬಹಳ ಕುತೂಹಲ ಇತ್ತು. ಮರದೊಳಗೆ ನೀರು ಏರುವ ಸಣ್ಣ ಕೊಳವೆಗಳು ಇರುತ್ತವೆ. ಬಿಳಿ ಓಕ್ ಬಲಿತಂತೆ ಅವು ತಾವೇ ಮುಚ್ಚಿಕೊಳ್ಳುತ್ತವೆ, ಅದಕ್ಕೇ ಸೋರುವುದಿಲ್ಲ. ಕೆಂಪು ಓಕ್‌ನಲ್ಲಿ ಅವು ತೆರೆದೇ ಇರುತ್ತವೆ. ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಗಾಳಿ ಇನ್ನೊಂದು ತುದಿಯಲ್ಲಿ ಬರುತ್ತದೆ.

ವಿಸ್ಕಿಯ ಬಣ್ಣ ನೋಡಿ ಮೋಸ ಹೋಗಬೇಡಿ. ಸ್ಟೇನ್ ಬಳಿದರೆ ಜಾಲಿ ಕಟ್ಟಿಗೆಯೂ ಸಾಗವಾನಿಯಂತೆ ಕಾಣುತ್ತದೆ.

ಮೂಗಿನ ವಿಷಯಕ್ಕೆ ಬರೋಣ, ಇಲ್ಲಿ ಅವಸರ ಬೇಡ. ಮೊದಲ ಬಾಟಲಿಯನ್ನು ನಾನು ಪಾಲಿಶ್ ಕೆಲಸ ಮುಗಿಸಿದ ಸಂಜೆಯೇ ತೆರೆದಿದ್ದೆ. ಬರೀ ಥಿನ್ನರ್ ವಾಸನೆ ಹೊಡೆಯಿತು. ಕೆಟ್ಟ ಮಾಲು ಅಂತ ಮುಚ್ಚಿಟ್ಟೆ. ಭಾನುವಾರ ಸ್ನಾನ ಮಾಡಿ ಕೂತು ನೋಡಿದರೆ ಆ ವಾಸನೆಯೇ ಇಲ್ಲ! ವಾಸನೆ ಇದ್ದದ್ದು ನನ್ನ ಕೈಯಲ್ಲಿ. ಹಾಗಾಗಿ ಕೈ ತೊಳೆದು, ಅಗರಬತ್ತಿ ಆರಿಸಿ, ಮಿರ್ಚಿ ಭಜಿ ದೂರ ಇಟ್ಟು ಕೂರಿ. ಖಾರ ತಿಂದ ನಾಲಿಗೆಗೆ ರೈನ ಖಾರ ಸಿಗುವುದಿಲ್ಲ. ನಡುನಡುವೆ ಒಂದು ಚೂರು ಕಡಕ್ ಜೋಳದ ರೊಟ್ಟಿ ಸಾಕು, ಬಾಯಿ ಶುದ್ಧವಾಗುತ್ತದೆ.

ಚಹಾ ಗ್ಲಾಸ್ ಬೇಡ, ಅದರ ಬಾಯಿ ಅಗಲ. ಕೆಳಗೆ ಹೊಟ್ಟೆ, ಮೇಲೆ ಸಣ್ಣ ಬಾಯಿ ಇರುವ ಗಾಜಿನ ಲೋಟ ಹುಡುಕಿ. 20 ಎಂಎಲ್ ಹಾಕಿ, ಹತ್ತು ನಿಮಿಷ ಬಿಡಿ. ಮೇ ತಿಂಗಳಲ್ಲಿ ನಮ್ಮೂರು 42 ಡಿಗ್ರಿ ದಾಟಿದಾಗ ಬರೀ ಆಲ್ಕೋಹಾಲ್ ಮೂಗಿಗೆ ನುಗ್ಗುತ್ತದೆ. ಆಗ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಅರ್ಧ ತಾಸು ಫ್ಯಾನ್ ಕೆಳಗಿಡಿ. ಐಸ್ ಹಾಕಬೇಡಿ, ಘಮ ಮುದುಡುತ್ತದೆ. ಲೋಟದ ಬಾಯಿಗೆ ಮೂಗು ತೂರಿಸದೆ ಸ್ವಲ್ಪ ದೂರದಿಂದ, ತುಟಿ ಬಿಚ್ಚಿಕೊಂಡು ಮೂಸಿ.

ಎರಡು ಬಗೆಯ ಘಮ ಬೇರ್ಪಡಿಸಬೇಕು. ಕಾಳುಮೆಣಸು, ಪುದೀನ, ಸಬ್ಬಸಿಗೆ ಸೊಪ್ಪು, ಹುರಿದ ಜೀರಿಗೆಯಂಥದ್ದು ಬಂದರೆ ರೈ. ವೆನಿಲ್ಲಾ, ಒಣಕೊಬ್ಬರಿ, ಸುಟ್ಟ ಸಕ್ಕರೆ ಬಂದರೆ ಓಕ್. ಲವಂಗ ಎರಡರಿಂದಲೂ ಬರಬಹುದು. ದಾಲ್ಚಿನ್ನಿ ಜೋರಾಗಿ ಹೊಡೆದರೆ ಅಂಬುರಾನಾ ಇದ್ದೀತು, ಅದು ಬ್ರೆಜಿಲ್ ಕಡೆಯ ಮರ. ಅದರ ಮೇಲೆ ಒಮ್ಮೆ ರಂದಾ ಹೊಡೆದು ನೋಡಬೇಕು ಅಂತ ನನಗೆ ಆಸೆ.

ಮೊದಲ ಗುಟುಕು ಬಾಯಿ ಪಳಗಲು ಅಷ್ಟೇ, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯದನ್ನು ನಾಲಿಗೆಯ ಮೇಲೆ ಐದು ಎಣಿಸುವಷ್ಟು ಹೊತ್ತು ಹೊರಳಿಸಿ ನುಂಗಿ. ಮೆಣಸು ಮೊದಲು ಬಂದು, ಮರದ ಸಿಹಿ ಅದರ ಹಿಂದೆ ಬಂದರೆ ಕೆಲಸ ನೀಟಾಗಿದೆ. ಸಿಹಿಯೇ ಮುಂದೆ ನಿಂತು ಧಾನ್ಯ ಸಿಗದಿದ್ದರೆ ಮರ ಜಾಸ್ತಿಯಾಗಿದೆ. ಕೊನೆಗೆ ಒಸಡು ಹಿಡಿಯುವ ಹಾಗೆ, ಎಳೆ ಅಡಿಕೆ ಅಗಿದಂಥ ಒಗರು ಉಳಿದರೂ ಅದೇ ದೋಷ. ಒಳ್ಳೆಯ ಪಾಲಿಶ್ ಹಚ್ಚಿದ ಮೇಲೂ ಕಟ್ಟಿಗೆಯ ಗೆರೆ ಕಾಣಬೇಕು. ನಾನು ಇದನ್ನೂ ಅದೇ ಕಣ್ಣಿಂದ ನೋಡುತ್ತೇನೆ.

ಆಮೇಲೆ ನಾಲ್ಕೈದು ಹನಿ ನೀರು. ಬೋರ್ ನೀರು ಸವಳು, ಫಿಲ್ಟರ್ ನೀರೇ ಹಾಕಿ. ಉರಿ ತಗ್ಗಿ ರೈ ಮೇಲೆದ್ದರೆ ಸಂತೋಷ. ನೀರು ಬಿದ್ದ ಕೂಡಲೇ ಸಪ್ಪೆಯಾಗಿ ಹಸಿ ಹಲಗೆಯ ರುಚಿ ಮಾತ್ರ ಉಳಿದರೆ ಅದನ್ನು ಸೋಡಾಕ್ಕೆ ಇಟ್ಟುಕೊಳ್ಳಿ. ಮೂವತ್ತು ಡಾಲರಿನ ಬಾಟಲಿ ಸೋಡಾದಲ್ಲಿ ಚೆನ್ನಾಗಿದ್ದರೂ ದುಡ್ಡು ದಂಡವಾಗಿಲ್ಲ.

ಎರಡು ಬಾಟಲಿ ಇದ್ದರೆ ಹೆಸರು ನೋಡದೆ ಹೋಲಿಸಿ. ನನ್ನ ಹೆಂಡತಿ ಲೋಟದ ತಳಕ್ಕೆ ಕಾಗದ ಅಂಟಿಸಿ, ನನ್ನ ಕೆಂಪು ಪೆನ್ಸಿಲ್‌ನಿಂದ ಒಂದು, ಎರಡು ಅಂತ ಗುರುತು ಹಾಕಿ ತಂದಿಡುತ್ತಾಳೆ. ನಾನು ಮೆಚ್ಚಿದ್ದು ಎರಡು ಸಲವೂ ಕಡಿಮೆ ಬೆಲೆಯದ್ದೇ.

ಲೋಟವನ್ನು ರಾತ್ರಿ ತೊಳೆಯಬೇಡಿ. ಬೆಳಿಗ್ಗೆ ಆಲ್ಕೋಹಾಲ್ ಹಾರಿಹೋಗಿ, ತಳದಲ್ಲಿ ಒಣಗಿದ್ದರ ಘಮ ಮಾತ್ರ ಇರುತ್ತದೆ. ಹೋದ ತಿಂಗಳು ಒಂದು ಲೋಟದಲ್ಲಿ ಬರೀ ಕೇಕಿನ ಎಸೆನ್ಸ್ ವಾಸನೆ. ಪಕ್ಕದ್ದರಲ್ಲಿ ಆಗತಾನೇ ರಂದಾ ಹೊಡೆದ ಹಲಗೆ, ಅದರ ಹಿಂದೆ ಹುರಿದ ಜೀರಿಗೆ. ದೀಪಾವಳಿಗೆ ಬರುವಾಗ ಆ ಎರಡನೆಯದನ್ನೇ ತಾರೋ ಅಂತ ಅಳಿಯನಿಗೆ ಫೋನ್ ಮಾಡಿದೆ.