ಟ್ರೈಲರ್ ಲೈಟ್ ಹೋದರೆ ನಾನು ಮೊದಲು ಬಲ್ಬ್ ಬಿಚ್ಚುವುದಿಲ್ಲ

ತೋರಣಗಲ್ಲಿನಿಂದ ಉಕ್ಕು ಹೇರಿಕೊಂಡು ಬೆಂಗಳೂರು, ಹೊಸೂರು ಕಡೆ ಓಡುವ 40 ಅಡಿಯ ಟ್ರೈಲರ್ ನನ್ನದು. ಓಡಿಸುವವನೂ ನಾನೇ, ವೈರಿಂಗ್ ಮಾಡಿಕೊಳ್ಳುವವನೂ ನಾನೇ. ಹಿಂದಿನ ಲೈಟ್ ಕೈಕೊಟ್ಟರೆ ಎಲ್ಲರೂ ಮೊದಲು ಬಲ್ಬಿಗೆ ಕೈ ಹಾಕುತ್ತಾರೆ. ನಾನು ಪುಲ್ಲರ್‌ಗೂ (ಟ್ರೈಲರ್ ಎಳೆಯುವ ಇಂಜಿನ್ ಗಾಡಿ) ಟ್ರೈಲರ್‌ಗೂ ನಡುವೆ ಲೈಟಿನ ಕರೆಂಟು ದಾಟಿಸುವ ಸೆವೆನ್ ಪಿನ್ ಪ್ಲಗ್ ಬಿಚ್ಚುತ್ತೇನೆ.

ಬ್ರೇಕ್ ತುಳಿದರೆ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪ್ ಮಿಣುಕುತ್ತದೆ. ಹೀಗಾದರೆ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಕೈಕೊಟ್ಟಿದೆ ಅಂತಲೇ ಲೆಕ್ಕ. ವಾಪಸ್ ಹೋಗಲು ದಾರಿ ಸಿಗದ ಕರೆಂಟು ಬೇರೆ ಲ್ಯಾಂಪಿನೊಳಗೆ ನುಸುಳುತ್ತದೆ, ಅಷ್ಟೇ. ಕೆಲವು ಎಲೆಕ್ಟ್ರಿಷಿಯನ್‌ಗಳು ಅರ್ತ್ ವೈರೇ ಎಳೆಯುವುದಿಲ್ಲ. 'ಕಬ್ಬಿಣಕ್ಕೆ ಕಬ್ಬಿಣ ತಾಗಿದೆಯಲ್ಲ, ಸಾಕು ಬಿಡಿ' ಅಂತಾರೆ. ಆದರೆ ಕಿಂಗ್ ಪಿನ್‌ಗೂ (ಟ್ರೈಲರ್ ಅಡಿಯ ಕೊಂಡಿ ಗೂಟ) ಅದು ಕೂರುವ ಪುಲ್ಲರ್ ಮೇಲಿನ ತಟ್ಟೆಯಾದ ಫಿಫ್ತ್ ವೀಲ್‌ಗೂ ನಡುವೆ ಇರುವುದು ಗ್ರೀಸು! ಗಾಡಿ ನಿಂತಿದ್ದಾಗ ಉರಿದ ಲೈಟು ಹಂಪ್ ಹಾರಿದ ತಕ್ಷಣ ಆರುವುದು ಇದರಿಂದಲೇ.

ನಾನು ಪ್ಲಗ್ಗಿನ 1ನೇ ಪಿನ್ನಿನಿಂದ ಹಿಂದಿನ ತುದಿವರೆಗೂ ಅರ್ತ್‌ಗೆ ಅಂತಲೇ ಒಂದು ದಪ್ಪ ವೈರು ಎಳೆದಿದ್ದೇನೆ. ಪ್ರತಿ ಲ್ಯಾಂಪಿನ ಅರ್ತೂ ಅದಕ್ಕೇ ಸೇರುತ್ತದೆ, ತುಕ್ಕು ಹಿಡಿಯುವ ಬ್ರ್ಯಾಕೆಟ್‌ಗೆ ಅಲ್ಲ. ಉಳಿದಂತೆ 2 ಮತ್ತು 6 ಟೈಲ್, 3 ಎಡ ಇಂಡಿಕೇಟರ್, 5 ಬಲ, 4 ಬ್ರೇಕ್. ನಂಬರ್ ಪ್ಲಗ್ಗಿನೊಳಗೇ ಇರುತ್ತದೆ. ವೈರಿನ ಬಣ್ಣ ಮಾತ್ರ ನಂಬಬೇಡಿ. ನಿಮಗಿಂತ ಮುಂಚೆ ರಿಪೇರಿ ಮಾಡಿದವನು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾನೆ. 24 ವೋಲ್ಟ್ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ಇದ್ದರೆ ಒಂದೊಂದೇ ಪಿನ್ ನೋಡಬಹುದು. ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಸೀಳಿರುವ ಪಿನ್ನನ್ನು ಚಾಕುವಿನ ತುದಿಯಿಂದ ಚೂರು ಅಗಲಿಸುತ್ತೇನೆ. ಅರ್ಧಕ್ಕರ್ಧ ಕಂಪ್ಲೇಂಟು ಇಲ್ಲೇ ಮುಗಿಯುತ್ತದೆ.

ಕುಲುಕಾಟಕ್ಕೆ ಬಲ್ಬಿನ ಫಿಲಮೆಂಟ್ ಬಾಳುವುದಿಲ್ಲ. ಅದಕ್ಕೇ ಗಾಡಿಯ ಹಿಂಬದಿಗೆ ಪೂರ್ತಿ ಎಲ್‌ಇಡಿ ಹಾಕಿಸಿದೆ. ಎಲ್‌ಇಡಿ ಹಾಕಿದರೆ ಹಳೇ ಫ್ಲಾಷರ್ (ಇಂಡಿಕೇಟರ್ ಮಿಟುಕಿಸುವ ಡಬ್ಬಿ) ಇಂಡಿಕೇಟರನ್ನು ಪಟಪಟ ಅಂತ ಬೇಗ ಮಿಟುಕಿಸುತ್ತದೆ. ಫ್ಲಾಷರ್ ಕೂಡ ಬದಲಿಸಬೇಕು.

ಇನ್ನು ರಿಫ್ಲೆಕ್ಟರ್ ಟೇಪು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಎಐಎಸ್-090 (ಇಂಥ ಟೇಪಿಗೆ ಇರುವ ಮಾನದಂಡ) ಗುರುತು ಇರುವುದನ್ನೇ ತೊಗೊಳ್ಳಿ. ಹೊಳೆಯುವ ಸ್ಟಿಕ್ಕರೆಲ್ಲ ಟೇಪ್ ಅಲ್ಲ. ತುಕ್ಕಿನ ಮೇಲೆ, ಡೀಸೆಲ್ ಜಿಡ್ಡಿನ ಮೇಲೆ ಅಂಟಿಸಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ನಾನು ಥಿನ್ನರ್‌ನಲ್ಲಿ ಒರೆಸಿ, ಒಣಗಿದ ಮೇಲೆ ಒತ್ತಿ ಅಂಟಿಸುತ್ತೇನೆ. ರಿವೆಟ್ ಇರುವ ಕಡೆ ಸುತ್ತಲೂ ಕತ್ತರಿಸುತ್ತೇನೆ. ಟೇಪು ಇನ್ನೂ ಜೀವಂತ ಇದೆಯಾ ಅಂತ ನೋಡಲು ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ದೂರದಿಂದ ಬಿಡಬೇಕು. ಸೊಂಟದ ಹತ್ತಿರ ಹಿಡಿದರೆ ಒಳ್ಳೇ ಟೇಪೂ ಮಂಕಾಗಿಯೇ ಕಾಣುತ್ತದೆ, ಯಾಕಂದರೆ ಅದು ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ.

ರಸ್ತೆಯಲ್ಲಿ ತಡೆದಾಗ ಬ್ರೇಕ್ ಇನ್‌ಸ್ಪೆಕ್ಟರು (ಮೋಟಾರು ವಾಹನ ನಿರೀಕ್ಷಕರಿಗೆ ನಮ್ಮ ಕಡೆ ಇದೇ ಹೆಸರು) ಕಾಗದ ಕೇಳುತ್ತಲೇ ಗಾಡಿಯ ಹಿಂದಕ್ಕೆ ನಡೆಯುತ್ತಾರೆ. 'ಬ್ರೇಕ್ ಹೊಡಿಯಪ್ಪಾ, ಇಂಡಿಕೇಟರ್ ಹಾಕು' ಅಂತಾರೆ. ಕಾಗದ ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ನಾವು ಮರೆಯುವುದು ನಂಬರ್ ಪ್ಲೇಟಿನ ಬಿಳಿ ಲೈಟು. ಹಿಂದಿನ ನಂಬರು 15 ಮೀಟರ್ ದೂರದಿಂದ ಓದುವ ಹಾಗೆ ಇರಬೇಕು, ಟೈಲ್ ಲ್ಯಾಂಪ್ 155 ಮೀಟರ್‌ನಿಂದ ಕಾಣಬೇಕು ಅಂತ ನಿಯಮವೇ ಇದೆ. ಜೊತೆಯಲ್ಲಿ ಕ್ಲೀನರ್ ಇಲ್ಲದಿದ್ದರೆ ಬ್ರೇಕ್ ಲೈಟ್ ನೋಡುವುದು ಹೇಗೆ ಅಂತ ಕೆಲವು ಡ್ರೈವರ್‌ಗಳು ಕೇಳುತ್ತಾರೆ. ಚಕ್ರಕ್ಕೆ ಅಡೆ ಕೊಟ್ಟು, ಪೆಡಲ್‌ಗೂ ಸೀಟಿಗೂ ನಡುವೆ ಒಂದು ಕೋಲು ಸಿಗಿಸಿ ಇಳಿದು ನೋಡಿ. ಇಲ್ಲವೇ ಡಾಬಾ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಕೆಂಪು ಬೆಳಕು ಗೋಡೆ ಮೇಲೆ ಬೀಳುವುದು ಕನ್ನಡಿಯಲ್ಲೇ ಕಾಣುತ್ತದೆ.

ಕಬ್ಬಿಣದ ಸರಳಿನ ಲೋಡು ಬಂದರೆ ಮೊದಲು ಉದ್ದ ಕೇಳುತ್ತೇನೆ. 12 ಮೀಟರಿನದು 40 ಅಡಿಯಲ್ಲಿ ಸರಿಯಾಗಿ ಕೂರುತ್ತದೆ. ಸಣ್ಣ ಲಾರಿಗೆ ಹೇರಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಹೋಗುವ ಕಾಲ ಮುಗಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅದಕ್ಕೆ ದಂಡವೇ 20,000 ರೂಪಾಯಿ, ಇಳಿಸುವ ಖರ್ಚು ಬೇರೆ.

ರಾತ್ರಿ ನಿದ್ದೆ ತಡೆಯಲಾಗದೆ ಎಲ್ಲಾದರೂ ನಿಲ್ಲಿಸಲೇಬೇಕಾದರೆ ಹೈವೇ ಅಂಚು ಬಿಟ್ಟು, ಲಾರಿ ನಿಲ್ಲಿಸಲೆಂದೇ ಮಾಡಿರುವ ಜಾಗಕ್ಕೆ (ಲಾರಿ ಬೇ) ಹೋಗುತ್ತೇನೆ. ಕೆಟ್ಟು ನಿಂತರೆ ಮಾತ್ರ ಅಂಚು. ಆಗ ಹಿಂದಿನ ಪಾರ್ಕಿಂಗ್ ಲೈಟ್ ಉರಿಯುತ್ತಲೇ ಇರಬೇಕು, ತ್ರಿಕೋನ ಸಾಕಷ್ಟು ಹಿಂದೆ ಇಡಬೇಕು. ಬ್ಯಾಟರಿ ಡೌನ್ ಆಗುತ್ತದೆ ಅಂತ ಲೈಟ್ ಆರಿಸುವವರು ಬಹಳ ಜನ. ಎಲ್‌ಇಡಿ ಎಳೆಯುವ ಕರೆಂಟು ಬಲ್ಬಿಗಿಂತ ತುಂಬಾ ಕಡಿಮೆ, ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ನನ್ನ ಗಾಡಿ ಸೆಲ್ಫ್‌ನಲ್ಲೇ ಸ್ಟಾರ್ಟ್ ಆಗುತ್ತದೆ.