ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಓದಲು ಬ್ರಿಟನ್‌ಗೆ ಹೊರಡುವವರಿಗೆ

"ಮೇಡಂ, ಯಾವ ಯೂನಿವರ್ಸಿಟಿ ಒಳ್ಳೇದು?" ನಮ್ಮ ಕಡೆಯ ಕಾನೂನು ಕಾಲೇಜುಗಳ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ಅದು ಆಮೇಲೆ. ಸೀನಿಯರ್ ವಕೀಲರ ಆಫೀಸಿನಲ್ಲಿ ನೋಡಿದ ಕೇಸುಗಳಲ್ಲಿ ನಿಮ್ಮನ್ನು ನಿದ್ದೆಗೆಡಿಸಿದ್ದು ಯಾವುದು? ಮೊದಲು ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ.

ನಾನು ಧಾರವಾಡದಲ್ಲಿ ಕಾರ್ಮಿಕರ ಕೇಸು ನಡೆಸುತ್ತಿದ್ದೆ. ಗುತ್ತಿಗೆದಾರನ ಹೆಸರಲ್ಲಿ ದುಡಿಯುವವನಿಗೆ ನಿಜವಾದ ಮಾಲೀಕ ಯಾರು? ಯಾಕೆ ಓದಬೇಕು ಎಂದು ಅರ್ಜಿಯ ಜೊತೆ ಬರೆದುಕೊಡುವ ಪರ್ಸನಲ್ ಸ್ಟೇಟ್‌ಮೆಂಟ್ ಪೂರ್ತಿ ಈ ಒಂದು ಪ್ರಶ್ನೆಯ ಮೇಲೇ ಬರೆದೆ. ಊಬರ್ ಚಾಲಕರಿಗೂ ಕನಿಷ್ಠ ವೇತನ, ಸಂಬಳ ಸಹಿತ ರಜೆ ಸಿಗಬೇಕು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪನ್ನೂ ನಮ್ಮಲ್ಲಿ ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಚಿಕ್ಕಂದಿನಿಂದ ನ್ಯಾಯದ ಮೇಲೆ ಒಲವು ಅಂತೆಲ್ಲ ಸುಮ್ನೆ ಬರೆಯಬೇಡಿ. ಪ್ರಶ್ನೆ ಗಟ್ಟಿಯಾದರೆ ಯೂನಿವರ್ಸಿಟಿ ಆರಿಸುವುದು ಸುಲಭ. ಆ ವಿಷಯ ಕಲಿಸುವವರು ಎಲ್ಲಿದ್ದಾರೆ, ನೀವು ಹೋಗುವ ವರ್ಷ ಆ ಪೇಪರ್ ಇರುತ್ತದೆಯೇ ಎಂದು ನೋಡಿ. ಕೋರ್ಸು ಇರುವುದೇ ಒಂದು ವರ್ಷ, ಅಲ್ವಾ?

ಶಿಫಾರಸು ಪತ್ರಕ್ಕಾಗಿ ದೊಡ್ಡ ಹೆಸರಿನವರ ಹಿಂದೆ ಅಲೆಯಬೇಡಿ. ಮೂಟ್ ಕೋರ್ಟಿಗೆ (ಕಾಲೇಜಿನ ಅಣಕು ನ್ಯಾಯಾಲಯ) ನೀವು ಬರೆದ ಲಿಖಿತ ವಾದ ತಿದ್ದಿದ ಅಧ್ಯಾಪಕರ ಪತ್ರಕ್ಕೇ ತೂಕ ಜಾಸ್ತಿ. ಅವರಿಗೆ ನಿಮ್ಮ ಬರವಣಿಗೆ ಗೊತ್ತು.

ಬ್ರಿಟನ್ ಸರ್ಕಾರ ಕೊಡುವ ಚೀವ್ನಿಂಗ್ ಸ್ಕಾಲರ್‌ಶಿಪ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್ ಮೊದಲ ವಾರಗಳಲ್ಲಿ ಮುಗಿಯುತ್ತದೆ. 2,800 ಗಂಟೆಗಳ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ 2 ವರ್ಷ ಭಾರತದಲ್ಲಿ ಇರಬೇಕು. ಊರಿಗೆ ಮರಳಿ ವಕೀಲಿ ಮಾಡುವವರಿಗೆ ಇದು ಹೇಳಿ ಮಾಡಿಸಿದ್ದು. ಅಲ್ಲೇ ಉಳಿಯುವ ಆಸೆಯಿದ್ದರೆ ಒಂದು ಮಾತು ತಿಳಿದಿರಲಿ: ಬರೀ ಎಲ್‌ಎಲ್‌ಎಂ ಆದರೆ ಅಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಲು ಬರುವುದಿಲ್ಲ, ಬೇರೆ ಪರೀಕ್ಷೆಗಳಿವೆ.

ವೀಸಾಕ್ಕೆ ಟಿಬಿ ಪರೀಕ್ಷೆಯ ಸರ್ಟಿಫಿಕೇಟು ಬೇಕು. ಜಾಸ್ತಿ ಜನ ತಡವರಿಸುವುದು ದುಡ್ಡು ತೋರಿಸುವಲ್ಲಿ. ಫೀಸಿಗೂ ಅಲ್ಲಿನ ಖರ್ಚಿಗೂ ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ನಡುವೆ ಒಂದು ದಿನವೂ ಕಮ್ಮಿಯಾಗಬಾರದು. ಖಾತೆ ನಿಮ್ಮದು ಅಥವಾ ಅಪ್ಪ ಅಮ್ಮನದು ಆಗಿರಬೇಕು; ಸೋದರಮಾವನ ಖಾತೆ ನಡೆಯುವುದಿಲ್ಲ. ಅಪ್ಪನ ಖಾತೆಯಾದರೆ ಅವರ ಒಪ್ಪಿಗೆ ಪತ್ರದ ಜೊತೆ ನಿಮ್ಮ ಜನನ ಪ್ರಮಾಣಪತ್ರವನ್ನೂ ಕೊಡಬೇಕು. ನಮ್ಮಲ್ಲಿ ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಡ್ಡಹೆಸರು ಇರುತ್ತದೆ. ಬ್ಯಾಂಕಿನ ದಾಖಲೆಯಲ್ಲೂ ಜನನ ಪ್ರಮಾಣಪತ್ರದಲ್ಲೂ ಅಪ್ಪನ ಹೆಸರು ಒಂದೇ ಥರ ಇದೆಯೇ ಎಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ.